ಹಳೆ ಓಮ್ನಿಗೆ ಮೈಲೇಜ್: ಪೆಟ್ರೋಲ್ ಟ್ಯೂನಿಂಗ್, ಎಲ್‌ಪಿಜಿ, ಸಿಎನ್‌ಜಿ – ನಮ್ಮ ಕಡೆ ರಸ್ತೆಗೆ ಯಾವುದು ಗಿಟ್ಟುತ್ತದೆ?

ಮಾರುತಿ ಓಮ್ನಿ ತಯಾರಿಕೆ 2019ರಲ್ಲೇ ನಿಂತರೂ ಹಾಸನ, ಬೇಲೂರು, ಮೂಡಿಗೆರೆ ಕಡೆ ಕೆಎ-13, ಕೆಎ-18, ಕೆಎ-46 ನಂಬರಿನ ಓಮ್ನಿಗಳಿಗೆ ಕೆಲಸ ತಪ್ಪಿಲ್ಲ. ತೋಟಕ್ಕೆ ಆಳು ಕರೆತರಲು, ಗೊಬ್ಬರ ಸಾಗಿಸಲು, ಸಂತೆಗೆ ತರಕಾರಿ ಹಾಕಲು ಇಂದಿಗೂ ಅದೇ ಬೇಕು. ತಕರಾರು ಒಂದೇ: ‘ಮೈಲೇಜ್ ಬರ್ತಿಲ್ಲ, ಗ್ಯಾಸ್ ಕಿಟ್ ಹಾಕಿಸ್ಬಿಡೋಣ್ವಾ?’ ಪೆಟ್ರೋಲಿನಲ್ಲೇ ಟ್ಯೂನ್ ಮಾಡಿದ್ದು, ಎಲ್‌ಪಿಜಿ, ಸಿಎನ್‌ಜಿ, ಮೂರನ್ನೂ ಇದೇ ರಸ್ತೆಗಳಲ್ಲಿ ಓಡಿಸಿ ನೋಡಿದ ಮೇಲೆ ಹೇಳುವುದಿಷ್ಟು. ಘಾಟಿ ಹತ್ತಿಳಿಯುವ, ತೋಟದ ದಾರಿಯಲ್ಲಿ ಓಡುವ ಗಾಡಿಗೆ ಪೆಟ್ರೋಲೇ ಸರಿ. ಗ್ಯಾಸ್ ಗಿಟ್ಟುವುದು ಹಾಸನ–ಅರಸೀಕೆರೆ, ಹಾಸನ–ಚನ್ನರಾಯಪಟ್ಟಣದಂಥ ರಸ್ತೆಯಲ್ಲಿ ದಿನವೂ ಓಡುವ ಗಾಡಿಗೆ ಮಾತ್ರ.

ಮೊದಲು ಅಳತೆ ಸರಿಯಾಗಿರಲಿ. ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಕಿಲೋಮೀಟರ್ ನೋಡುವುದು ಲೆಕ್ಕವೇ ಅಲ್ಲ. ಒಂದೇ ಬಂಕಿನಲ್ಲಿ ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಕನಿಷ್ಠ 200 ಕಿ.ಮೀ. ಓಡಿಸಿ, ಮತ್ತೆ ಅಲ್ಲೇ ಕಟ್ ಆಗುವವರೆಗೆ ತುಂಬಿಸಿ. ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಮೀಟರಿನ 10 ಕಿ.ಮೀ.ಯನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲಿಗೆ ತಾಳೆ ನೋಡಿ; ಟೈರ್ ಸವೆದಿದ್ದರೆ ಮೀಟರ್ ಹೆಚ್ಚಿಗೆ ತೋರಿಸುತ್ತದೆ, ಬಾರದ ಮೈಲೇಜ್ ಬಂದಂತೆ ಕಾಣುತ್ತದೆ.

796 ಸಿಸಿಯ, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಭಾಗ) ಇರುವ ಓಮ್ನಿ, ಅರ್ಧ ಲೋಡ್, ಹಾಸನ–ಬೇಲೂರು–ಚಿಕ್ಕಮಗಳೂರು ರಸ್ತೆ. ಹೇಗಿತ್ತೋ ಹಾಗೆ ಓಡಿಸಿದರೆ ಲೀಟರಿಗೆ 11–12 ಕಿ.ಮೀ. ಟ್ಯೂನ್ ಮಾಡಿದ ಮೇಲೆ 14–15. ಎಲ್‌ಪಿಜಿಯಲ್ಲಿ ಲೀಟರಿಗೆ 11–12. ಸಿಎನ್‌ಜಿಯಲ್ಲಿ ಕೆ.ಜಿ.ಗೆ 17–18. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ವಾಪಸ್ ಹತ್ತಿದರೆ ಎಲ್ಲವೂ ಕುಸಿಯುತ್ತವೆ, ಗ್ಯಾಸಿನದು ಜಾಸ್ತಿ ಕುಸಿಯುತ್ತದೆ.

ಟ್ಯೂನಿಂಗ್ ಅಂದ ಕೂಡಲೇ ಎಲ್ಲರ ಕೈ ಕಾರ್ಬುರೇಟರಿಗೇ ಹೋಗುತ್ತದೆ. ಆದರೆ ಮಲೆನಾಡಿನ ಗಾಡಿಯಲ್ಲಿ ಮೊದಲ ಕಳ್ಳ ಬ್ರೇಕ್. ಮಳೆಗಾಲದ ಕೆಸರು ನುಗ್ಗಿ ಮುಂದಿನ ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿದು ಹಿಂದಿನ ಲೈನರ್ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಬ್ರೇಕ್ ಹೆಚ್ಚು ಒತ್ತದೆ ಐದು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್ಮಿನ ಹತ್ತಿರ ಕೈ ಹಿಡಿದು ನೋಡಿ. ಒಂದರ ಬಿಸಿ ಮಾತ್ರ ಕೈಗೆ ತಾಗಿದರೆ ಅಲ್ಲೇ ಪೆಟ್ರೋಲ್ ಹೋಗುತ್ತಿದೆ. ಜಾಕ್ ಕೊಟ್ಟು ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿದರೂ ಚಕ್ರ ಬಿಗಿಯೋ ಸಲೀಸೋ ಗೊತ್ತಾಗುತ್ತದೆ. ಪಿನ್ ಬಿಚ್ಚಿ ಎಮೆರಿ ಪೇಪರಿನಲ್ಲಿ ಉಜ್ಜಿ, ಬ್ರೇಕಿಗೆಂದೇ ಸಿಗುವ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಊದಿಕೊಂಡು ಮತ್ತೆ ಅದೇ ಕಥೆ.

ಎರಡನೆಯದು ಥರ್ಮೋಸ್ಟ್ಯಾಟ್, ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್. ಘಾಟಿಯಲ್ಲಿ ಎಂಜಿನ್ ಹೀಟ್ ಆಗುತ್ತದೆಂದು ಎಷ್ಟೋ ಗ್ಯಾರೇಜಿನವರು ಅದನ್ನು ಕಿತ್ತೇ ಬಿಸಾಕಿರುತ್ತಾರೆ. ಹೀಟ್ ಆಗಲು ನಿಜವಾದ ಕಾರಣ ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಕೆಸರು, ಇಲ್ಲವೇ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ ಚಿಕ್ಕಮಗಳೂರಿನ ಡಿಸೆಂಬರ್ ಬೆಳಗ್ಗೆ ಹತ್ತಾರು ಕಿ.ಮೀ. ಓಡಿದರೂ ಸರಿಯಾಗಿ ಕಾಯುವುದಿಲ್ಲ. ಎಂಜಿನ್ ನಡುಗುತ್ತದೆ, ಓಡಿಸುವವರು ಪೆಟ್ರೋಲ್ ಜಾಸ್ತಿ ಬಿಡುವ ಚೋಕ್ ಎಳೆದೇ ಇಟ್ಟುಕೊಳ್ಳುತ್ತಾರೆ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯಾದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಎಂ, ಅಂದರೆ ಎಂಜಿನಿನ ಕಂಪ್ಯೂಟರ್, ತಾನೇ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಹೊಸ ಥರ್ಮೋಸ್ಟ್ಯಾಟ್ ಹಾಕಿಸಿ, ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹೊಡೆಸಿ.

ಆಮೇಲೆ ಇಗ್ನಿಷನ್, ಅಂದರೆ ಕಿಡಿ ಹಚ್ಚುವ ವ್ಯವಸ್ಥೆ. ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ಇರುವ ಗಾಡಿಯಲ್ಲಿ ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿ.ಮೀ., ಪ್ಲಗ್ ಗ್ಯಾಪ್ 0.7ರಿಂದ 0.8. ಹ್ಯಾಕ್ಸಾ ಬ್ಲೇಡ್ ತೂರಿಸಿ ಅಂದಾಜಿನಲ್ಲಿ ಬಿಡಬೇಡಿ, ಫೀಲರ್ ಗೇಜ್ ದುಬಾರಿ ಸಾಮಾನೇನಲ್ಲ. ಯಾರೂ ನೋಡದ ಜಾಗವೊಂದಿದೆ: ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್. ಕಾರ್ಬುರೇಟರ್ ಕಡೆಯ ತುದಿ ಬಿಚ್ಚಿ ಬಾಯಲ್ಲಿ ಎಳೆದು, ನಾಲಗೆಯಿಂದ ಮುಚ್ಚಿ ಹಿಡಿಯಿರಿ. ನಾಲಗೆಗೆ ಅಂಟಿಕೊಂಡು ನಿಂತರೆ ಒಳಗಿನ ಡಯಾಫ್ರಮ್ ಗಟ್ಟಿ. ಗಾಳಿ ಸಲೀಸಾಗಿ ಬಂತೋ, ಡಯಾಫ್ರಮ್ ಹರಿದಿದೆ ಅಥವಾ ಪೈಪ್ ಸೀಳಿದೆ. ಹಾಗಿದ್ದಾಗ ನೇರ ರಸ್ತೆಯಲ್ಲಿ ಅರ್ಧ ಆಕ್ಸಿಲರೇಟರಿನಲ್ಲಿ ಸಿಗಬೇಕಾದ ಅಡ್ವಾನ್ಸ್ (ಕಿಡಿ ಸ್ವಲ್ಪ ಮೊದಲೇ ಹಾರುವುದು) ಸಿಗುವುದಿಲ್ಲ, ಮೈಲೇಜ್ ಹೋಗುವುದೇ ಅಲ್ಲಿ.

ಈಗ ಕಾರ್ಬುರೇಟರ್. ಹಾಸನ ಇರುವುದು ಸಮುದ್ರಮಟ್ಟದಿಂದ 950 ಮೀಟರ್ ಆಸುಪಾಸಿನಲ್ಲಿ, ಚಿಕ್ಕಮಗಳೂರು ಸಾವಿರ ಮೀಟರಿನ ಮೇಲೆ. ಇಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ತೆಳು, ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಜೆಟ್, ಅದೇ ಇದ್ದರೆ ಮಿಶ್ರಣ ರಿಚ್ (ಪೆಟ್ರೋಲ್ ಪಾಲು ಹೆಚ್ಚು) ಆಗುತ್ತದೆ. ಅದಕ್ಕೇ ಜೆಟ್ ಸಣ್ಣದು ಹಾಕಿಸಿ ಎನ್ನುವ ಹಳೆ ಸಲಹೆ. ಅದು ಆಗ ಸರಿ, ಈಗ ಅಲ್ಲ. ಬಂಕಿನಲ್ಲಿ ಬರುತ್ತಿರುವುದು ಇ20, ಅಂದರೆ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಲೀನ್ (ಪೆಟ್ರೋಲ್ ಪಾಲು ಕಡಿಮೆ) ಕಡೆಗೆ ಸರಿಯುತ್ತದೆ. ಎತ್ತರ ಒಂದು ಕಡೆ ಎಳೆದರೆ ಎಥೆನಾಲ್ ಇನ್ನೊಂದು ಕಡೆ ಎಳೆದು ನಮ್ಮ ಊರಿನಲ್ಲಿ ಎರಡೂ ಬಹುಪಾಲು ಸರಿಹೋಗುತ್ತವೆ. ಜೆಟ್ ಮುಟ್ಟಬೇಡಿ. ಆದರೆ ಇ20ರಲ್ಲಿ ಲೀಟರಿಗೆ ಶಕ್ತಿಯೇ ಶೇ. 6–7ರಷ್ಟು ಕಡಿಮೆ, ಆದ್ದರಿಂದ ಹಳೆ ಮೈಲೇಜಿನಲ್ಲಿ ಒಂದು ಕಿ.ಮೀ. ಇಳಿದಿದ್ದರೆ ಮೆಕ್ಯಾನಿಕ್ ಮೇಲೆ ರೇಗಿ ಪ್ರಯೋಜನವಿಲ್ಲ. ಹಳೆ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್‌ಗಳನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧ ಬಿಡಬೇಡಿ, ತುಂಬಿಸಿಡಿ. ಎಥೆನಾಲ್ ತೇವ ಹೀರುತ್ತದೆ, ನೀರು ತಳಕ್ಕಿಳಿದು ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿಗೆ ಬರುತ್ತದೆ.

ಸೆಟಿಂಗ್ ಸರಿಯೋ ಇಲ್ಲವೋ ಪ್ಲಗ್ ಹೇಳುತ್ತದೆ. ಘಾಟಿ ಹತ್ತಿದ ಕೂಡಲೇ ಸ್ಲೋ ಸ್ಪೀಡಿನಲ್ಲಿ ಬಿಡದೆ ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಪ್ಲಗ್ ಬಿಚ್ಚಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಮಸಿ ಇದ್ದರೆ ರಿಚ್: ಫ್ಲೋಟ್ ಮಟ್ಟ, ಪೂರ್ತಿ ಹಿಂದೆ ಹೋಗದ ಚೋಕ್ ಕೇಬಲ್, ಕಟ್ಟಿದ ಏರ್ ಫಿಲ್ಟರ್ ನೋಡಿ. ಸುಣ್ಣದಂತೆ ಬಿಳಿಯಿದ್ದರೆ ಲೀನ್, ವಾಲ್ವ್ ಸುಡುವ ದಾರಿ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದಲ್ಲಿ ಗಾಳಿ ಹೊಡೆಸಿ.

ಟೈರಿನಲ್ಲೂ ಎರಡು ಪಕ್ಷ. ಡಾಂಬರು ರಸ್ತೆಯಲ್ಲಿ ರೇಡಿಯಲ್ ಹಗುರಾಗಿ ಉರುಳುತ್ತದೆ, ಪೆಟ್ರೋಲ್ ಉಳಿಯುತ್ತದೆ. ಜಲ್ಲಿಯ ತೋಟದ ದಾರಿಯಲ್ಲಿ ಅದರ ಪಕ್ಕೆ ಸೀಳುತ್ತದೆ, ಹಳೆ ಮಾದರಿಯ ನೈಲಾನ್ ಟೈರ್ ತಡೆಯುತ್ತದೆ. ಒಂದು ಟೈರಿನ ಬೆಲೆಗೆ ಎಷ್ಟು ಲೀಟರ್ ಬರುತ್ತದೆಂದು ಲೆಕ್ಕ ಹಾಕಿದರೆ ತೋಟದವರಿಗೆ ನೈಲಾನೇ ಲಾಭ. ಎರಡನ್ನೂ ಬೆರೆಸಿ ಹಾಕಬೇಡಿ. ಮೇಲಿನ ಕ್ಯಾರಿಯರ್ ಬೇಡದಾಗ ಬಿಚ್ಚಿಡಿ. ಎನ್‌ಎಚ್ 75ರ ನಾಲ್ಕು ಪಥದ ರಸ್ತೆ ಸಿಕ್ಕಿತೆಂದು 80ರಲ್ಲಿ ಓಡಿಸಿದರೆ ಈ ಪೆಟ್ಟಿಗೆ ಆಕಾರದ, ನಾಲ್ಕೇ ಗೇರಿನ ಗಾಡಿಯಲ್ಲಿ ಟ್ಯೂನಿಂಗಿನ ಫಲವೆಲ್ಲ ಗಾಳಿಗೆ ಹೋಗುತ್ತದೆ. 50–55 ಅದಕ್ಕೆ ಹಿತ. ಘಾಟಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಸುವ ಚಾಳಿ ಬೇಡ. ಬ್ರೇಕ್ ಕಾದು ಹಿಡಿಯದೇ ಹೋಗುವುದು ಒಂದು. ಎಂಪಿಎಫ್‌ಐ ಗಾಡಿಯಲ್ಲಿ ಗೇರಿನಲ್ಲಿದ್ದು ಕಾಲೆತ್ತಿದರೆ ಇಂಜೆಕ್ಟರ್ ಬಂದ್ ಆಗುತ್ತದೆ, ನ್ಯೂಟ್ರಲ್ ಮಾಡಿದರೆ ಮತ್ತೆ ಪೆಟ್ರೋಲ್ ಕುಡಿಯುತ್ತದೆ.

ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ? ಅಳತೆಯಲ್ಲಿ ಏನೂ ಕಾಣಲಿಲ್ಲ.

ಎಲ್‌ಪಿಜಿಗೆ ಬಂದರೆ, ಲೀಟರಿಗೆ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಹಾಗಾಗಿ ಲೀಟರ್ ಜಾಸ್ತಿ ಬೇಕು. ನಮ್ಮ ಅಂಕಿಯ ಪ್ರಕಾರ ಎಲ್‌ಪಿಜಿ ದರ ಪೆಟ್ರೋಲ್ ದರದ ಶೇ. 80ಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಉಳಿತಾಯ. ಕಿ.ಮೀ.ಗೆ ಒಂದೂವರೆ ರೂಪಾಯಿ ಉಳಿಯಿತೆನ್ನಿ, ಕಿಟ್ ಮೂವತ್ತು ಸಾವಿರ ಎನ್ನಿ. ಅಸಲು ಬರಲು 20,000 ಕಿ.ಮೀ. ಬೇಕು. 15 ವರ್ಷ ದಾಟಿದ ಗಾಡಿಯ ಆರ್‌ಸಿಯಲ್ಲಿ ಎಷ್ಟು ಅವಧಿ ಉಳಿದಿದೆ ಎಂಬುದನ್ನೂ ನೋಡಿ. ಬಯಲುಸೀಮೆ ಗ್ಯಾರೇಜಿನಲ್ಲಿ ಸೆಟ್ ಮಾಡಿದ, ಗ್ಯಾಸಿಗೆ ಗಾಳಿ ಬೆರೆಸುವ ಮಿಕ್ಸರ್ ಕಿಟ್ ಘಟ್ಟದ ಮೇಲೆ ರಿಚ್ ಓಡುತ್ತದೆ, ಇಲ್ಲಿ ಮತ್ತೆ ಸ್ಕ್ರೂ ಹೊಂದಿಸಲೇಬೇಕು. ಬೆಳಗ್ಗೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಕಾದ ಮೇಲೆ ಬದಲಿಸಿ. ದ್ರವ ಎಲ್‌ಪಿಜಿಯನ್ನು ಗ್ಯಾಸ್ ಮಾಡುವ ರೆಡ್ಯೂಸರ್ ಬಿಸಿಯಾಗುವುದು ಎಂಜಿನಿನ ಕೂಲೆಂಟ್ ನೀರಿನಿಂದಲೇ. ಹಳೆ ಎಂಜಿನಿನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಸವೆದು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ಕಿರಿದಾಗುತ್ತಾ ಬರುತ್ತದೆ, 10,000 ಕಿ.ಮೀ.ಗೊಮ್ಮೆ ನೋಡಿಸಿ. ಮನೆಯ ಅಡುಗೆ ಸಿಲಿಂಡರ್ ಜೋಡಿಸುವುದು ಕಾನೂನುಬಾಹಿರ, ಜೀವಕ್ಕೂ ಅಪಾಯ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ವ್ಯಾನಿನ ನೆಲದಲ್ಲೇ ಕೂರುತ್ತದೆ.

ಸಿಎನ್‌ಜಿ ಕಿ.ಮೀ. ಲೆಕ್ಕದಲ್ಲಿ ಮೂರರಲ್ಲೂ ಅಗ್ಗ, ಆದರೆ ಓಮ್ನಿಗೆ ಹೊರೆ. 60 ಲೀಟರ್ ಸಿಲಿಂಡರಿನಲ್ಲಿ ಹಿಡಿಯುವುದು 9–10 ಕೆ.ಜಿ. ಗ್ಯಾಸ್, ಅಂದರೆ 150–180 ಕಿ.ಮೀ. ಓಟ. ಸಿಲಿಂಡರ್ ಸಾಮಾನಿನ ಜಾಗ ತಿನ್ನುತ್ತದೆ, ಎಂಜಿನಿನೊಳಗೆ ಗಾಳಿಯ ಜಾಗವನ್ನು ಗ್ಯಾಸ್ ತಿಂದು ಎಳೆತವೂ ಇಳಿಯುತ್ತದೆ. ಪೆಟ್ರೋಲಿನಲ್ಲಿ ಎರಡನೇ ಗೇರಿನಲ್ಲಿ ಹತ್ತುವ ತಿರುವಿಗೆ ಮೊದಲನೇ ಗೇರ್ ಬೇಕಾಗುತ್ತದೆ. ಯಾವ ಕಿಟ್ ಆದರೂ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿ. ಸಿಎನ್‌ಜಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ, ಎಲ್‌ಪಿಜಿ ಟ್ಯಾಂಕಿಗೆ 5 ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ. ಸೆಕೆಂಡ್‌ಹ್ಯಾಂಡ್ ಕಿಟ್ ಕೊಳ್ಳುವವರು ಸಿಲಿಂಡರಿನ ಮೇಲೆ ಒತ್ತಿದ ತಾರೀಕು ಓದಿಯೇ ದುಡ್ಡು ಕೊಡಿ.