ಸನ್ಮಾನವೋ, ವಿದ್ಯೆಯ ದಾಖಲೆಯೋ?

ಹಿರಿಯ ಸಾಧಕರನ್ನು ಗೌರವಿಸಬೇಕೆಂದು ಹೊರಟ ಸಮಿತಿಯ ಮುಂದೆ ಎರಡು ದಾರಿಗಳಿವೆ: ವೇದಿಕೆ ಹಾಕಿ ಸನ್ಮಾನಿಸುವುದು, ಇಲ್ಲವೇ ಅದೇ ಹಣದಲ್ಲಿ ಅವರ ವಿದ್ಯೆ ಉಳಿಯುವಂತೆ ಮಾಡುವುದು.

ಸಮಾರಂಭ ಒಂದು ಸಂಜೆಯ ಕೆಲಸ. ಹಳೆಯ ಶಿಷ್ಯರು, ಒಡನಾಡಿಗಳು ಒಂದೆಡೆ ಸೇರುವ ಸಂತೋಷ ಸಣ್ಣದಲ್ಲ. ಆದರೆ ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಎಂಬತ್ತು ದಾಟಿದ ಆ ಜೀವ ಕುರ್ಚಿಯಲ್ಲೇ ಸುಸ್ತಾಗಿರುತ್ತದೆ. ಅವರ ಮಾತಿಗೆ ಉಳಿಯುವುದು ಐದೇ ನಿಮಿಷ. ಫಲಕದಲ್ಲಿ ಹೆಸರೇ ತಪ್ಪಾಗಿ ಅಚ್ಚಾಗಿದ್ದನ್ನೂ ನೋಡಿದ್ದೇನೆ!

ಎರಡನೆಯದಕ್ಕೆ ಜಪಾನಿನತ್ತ ನೋಡಬೇಕು. 1950ರ ಕಾನೂನಿನ ಆಧಾರದಲ್ಲಿ ಅಲ್ಲಿ ಕುಂಬಾರಿಕೆ, ನೇಯ್ಗೆ, ರಂಗಕಲೆಗಳ ನಿಪುಣರನ್ನು ಗುರುತಿಸುತ್ತಾರೆ. ಜನರ ಬಾಯಲ್ಲಿ ಅವರು ‘ಜೀವಂತ ರಾಷ್ಟ್ರೀಯ ನಿಧಿ’. ವರ್ಷಕ್ಕೆ 20 ಲಕ್ಷ ಯೆನ್ ಸಿಗುತ್ತದೆ, ಕಲೆಯನ್ನು ಇನ್ನಷ್ಟು ಪಳಗಿಸಿಕೊಳ್ಳಲು, ಶಿಷ್ಯರನ್ನು ತಯಾರು ಮಾಡಲು. ಅಷ್ಟು ದುಡ್ಡಿಲ್ಲದವರು ಹತ್ತಾರು ಗಂಟೆ ಸಂದರ್ಶನ ಚಿತ್ರೀಕರಿಸಬಹುದು, ಅಭಿನಂದನ ಗ್ರಂಥ ತರಬಹುದು. ಗ್ರಂಥಕ್ಕೆ ಮಾತ್ರ ಲೇಖನ ಬರೆಸುವಷ್ಟರಲ್ಲಿ ಎರಡು ವರ್ಷ ಹೋದರೂ ಹೋಯಿತು.

ಅಷ್ಟು ಸಮಯ ನಮ್ಮ ಕೈಯಲ್ಲಿರುವುದಿಲ್ಲ. 2011ರಲ್ಲಿ ವೈದ್ಯಕೀಯ ನೊಬೆಲ್‌ಗೆ ರಾಲ್ಫ್ ಸ್ಟೈನ್‌ಮನ್ ಹೆಸರು ಘೋಷಿಸಿದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು. ಸಮಿತಿಗೆ ಅದು ಗೊತ್ತೇ ಇರಲಿಲ್ಲ, ಪ್ರಶಸ್ತಿಯನ್ನು ಹಿಂಪಡೆಯಲಿಲ್ಲ.

ನನ್ನನ್ನು ಕೇಳಿದರೆ, ಮೊದಲು ಕ್ಯಾಮೆರಾ ಹಿಡಿದು ಅವರ ಮನೆಗೆ ಹೋಗಿ. ಸಮಾರಂಭ ಆಮೇಲೆ, ಚಿಕ್ಕದಾಗಿ. ಭಾಷಣಕ್ಕೆ ಇಬ್ಬರು ಸಾಕು.