ಹಾಳೆಯಲ್ಲಿ ಅಮ್ಮ ಆರೋಗ್ಯವಾಗಿಯೇ ಇದ್ದರು

ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ಕಳೆದುಕೊಂಡಿದ್ದ ಅಮ್ಮನನ್ನು, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮನೆಯಲ್ಲಿ ನೋಡಿಕೊಳ್ಳಲಾಗದೆ, ಶಿವಮೊಗ್ಗದ ಹಿರಿಯರ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದ್ದೆವು. ತೀರ್ಥಹಳ್ಳಿಯಿಂದಾಚೆಗಿನ ನಮ್ಮೂರಿನಿಂದ ಪದೇ ಪದೇ ಹೋಗಿಬರುವುದು ಕಷ್ಟವಾದ್ದರಿಂದ, ಕೇಂದ್ರದವರು ವಾಟ್ಸಾಪ್‌ನಲ್ಲಿ ಕಳುಹಿಸುತ್ತಿದ್ದ ತಿಂಗಳ ಆರೋಗ್ಯ ಮೌಲ್ಯಮಾಪನದ ಹಾಳೆಯನ್ನೇ ನಂಬಿದ್ದೆವು.

ಅದರಲ್ಲಿ ಬ್ರೇಡನ್ ಮಾಪಕದ ಅಂಕವಿರುತ್ತಿತ್ತು. ಹಾಸಿಗೆ ಹುಣ್ಣಿನ ಅಪಾಯವನ್ನು ಅಳೆಯುವ ಈ ಮಾಪಕದಲ್ಲಿ ಸ್ಪರ್ಶಜ್ಞಾನ, ಚರ್ಮದ ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಚರ್ಮಕ್ಕಾಗುವ ಉಜ್ಜುವಿಕೆ ಎಂಬ ಆರು ಅಂಶಗಳಿಗೆ ಒಟ್ಟು 23 ಅಂಕ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆ ಎಂದರ್ಥ. ಅಮ್ಮನಿಗೆ ಮೂರು ತಿಂಗಳೂ 19. ತೂಕವೂ ಮೂರು ತಿಂಗಳೂ 48 ಕಿಲೋ. ಎದ್ದು ನಿಲ್ಲಲಾರದವರನ್ನು ಹೇಗೆ ತೂಗಿದರೆಂದು ನಾನು ಕೇಳಲೇ ಇಲ್ಲ. ಈ ತಪ್ಪು ಮಾತ್ರ ನನ್ನದೇ.

ಒಂದು ಭಾನುವಾರ ಹೋದಾಗ ಕಂಬಳಿಯ ಅಡಿಯಿಂದ ವಾಸನೆ ಬಂತು. ಮಗ್ಗುಲಾಗಿಸಿ ನೋಡಿದರೆ ಸೊಂಟದ ಕೆಳಗೆ, ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ಮೇಲೆ, ಕೊಬ್ಬಿನ ಪದರ ಕಾಣುವಷ್ಟು ಆಳದ ಹುಣ್ಣು. ಮೂರು ದಿನದ ಹಿಂದಿನ ಹಾಳೆ ‘ಚರ್ಮ ಸ್ವಸ್ಥ’ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಅದೇ ಮಾಪಕದಿಂದ ಎಣಿಸಿದಾಗ ಬಂದದ್ದು 11, ತೂಕ 41 ಕಿಲೋ. ಕೇಂದ್ರದವರು ಬೇಕೆಂದೇ ಸುಳ್ಳು ಬರೆದರೆಂದು ನಾನು ಹೇಳಲಾರೆ. ಸೇರಿಸಿದ ದಿನದ ಅಂಕಿಗಳನ್ನೇ ಮೇಜಿನ ಮುಂದೆ ಕುಳಿತು ನಕಲು ಮಾಡುತ್ತಿದ್ದರು, ಹಾಸಿಗೆಯ ಬಳಿಗೆ ಯಾರೂ ಹೋಗುತ್ತಿರಲಿಲ್ಲ.

ನಿಮ್ಮವರು ಇಂಥಲ್ಲಿದ್ದರೆ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಹಾಸಿಗೆ ಹಿಡಿದವರ ಅಂಕಿಗಳು ತಿಂಗಳುಗಟ್ಟಲೆ ಒಂದಿಷ್ಟೂ ಕದಲದಿದ್ದರೆ ಅನುಮಾನಿಸಿ. ಯಾರು, ಯಾವಾಗ, ಯಾವ ತಕ್ಕಡಿಯಲ್ಲಿ ತೂಗಿದರೆಂದು ಕೇಳಿ. ಹೊದಿಕೆ ಸರಿಸಿ ತ್ರಿಕಾಸ್ಥಿ, ಹಿಮ್ಮಡಿ, ಮೊಣಕೈಗಳನ್ನು ನೀವೇ ನೋಡಿ. ಕಪ್ಪು ಮೈಬಣ್ಣದವರಲ್ಲಿ ಆರಂಭದ ಕೆಂಪು ಕಣ್ಣಿಗೆ ಬೀಳದಿರಬಹುದು, ಆದ್ದರಿಂದ ಮುಟ್ಟಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಒದ್ದೆ ಹಾಸಿಗೆಯ ಮೇಲೆ ಮಲಗಿದವರ ಚರ್ಮ ಬೇಗ ಮೆತ್ತಗಾಗುತ್ತದೆ.

ಅಮ್ಮ ಈಗ ಮನೆಯಲ್ಲಿದ್ದಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಹುಣ್ಣು ಇನ್ನೂ ಪೂರ್ತಿ ವಾಸಿಯಾಗಿಲ್ಲ.