ಟಿಎಂಪಿಎಫ್‌ಎಸ್‌ನಲ್ಲಿ ಮುಂಚೆನೇ ಜಾಗ ಹಿಡಿಯೋದು: ಎಫ್‌ಟ್ರಂಕೇಟ್, ಡಿಡಿ, ಫಾಲೊಕೇಟ್ ಮೂರೂ ಓಡಿಸಿ ನೋಡಿದ್ದು

256 ಎಂಬಿ ಲಿಮಿಟ್ ಹಾಕಿ ಒಂದು ಟಿಎಂಪಿಎಫ್‌ಎಸ್ (ಲಿನಕ್ಸ್‌ನಲ್ಲಿ ಮೆಮೊರಿಯಲ್ಲೇ ಫೈಲ್ ಇಡೋ ಫೈಲ್‌ಸಿಸ್ಟಮ್) ಮೌಂಟ್ ಮಾಡ್ಕೊಂಡು, ಅದರೊಳಗೆ 1 ಜಿಬಿ ಫೈಲ್ ಮಾಡಕ್ಕೆ ಮೂರೂ ದಾರಿ ಟ್ರೈ ಮಾಡಿದೆ. ನನಗೆ ಬೇಕಿದ್ದು ಇಷ್ಟೇ, ಜಾಗ ಇಲ್ಲ ಅಂದ್ರೆ ಈಗಲೇ ಹೇಳ್ಬಿಡ್ಲಿ, ಎಂಮ್ಯಾಪ್ ಮಾಡಿ (ಅಂದ್ರೆ ಫೈಲ್‌ನ ಮೆಮೊರಿ ಥರ ಮ್ಯಾಪ್ ಮಾಡ್ಕೊಂಡು) ಅರ್ಧ ಬರೆದಾದ್ಮೇಲೆ ಪ್ರೋಸೆಸ್ ಸಾಯೋದು ಬೇಡ.

ಎಫ್‌ಟ್ರಂಕೇಟ್ (ಫೈಲ್ ಸೈಜ್ ಬದಲಾಯಿಸೋ ಕಾಲ್) ಥಟ್ ಅಂತ ಸಕ್ಸಸ್ ಅಂದ್ಬಿಡತ್ತೆ. ಫೈಲ್ ಸೈಜ್ ತೋರಿಸೋ ಎಲ್‌ಎಸ್ ಹಾಕಿದ್ರೆ 1 ಜಿಬಿ, ನಿಜವಾಗಿ ಹಿಡಿದಿರೋ ಜಾಗ ತೋರಿಸೋ ಡಿಯು ಹಾಕಿದ್ರೆ ಸೊನ್ನೆ. ಸೈಜ್ ಮಾತ್ರ ಬರ್ಕೊಂಡಿದೆ, ಒಂದು ಪೇಜೂ (ಮೆಮೊರಿ ಹಂಚೋ ಚಿಕ್ಕ ತುಂಡು) ಕೊಟ್ಟಿಲ್ಲ. ಎಂಮ್ಯಾಪ್ ಮೂಲಕ ಬರೀತಾ ಹೋಗಿ ಲಿಮಿಟ್ ಮುಟ್ತಿದ್ದಂಗೆ ಸಿಗ್‌ಬಸ್ ಅನ್ನೋ ಸಿಗ್ನಲ್ ಬಂದು ಪ್ರೋಸೆಸ್ ಸಾಯತ್ತೆ, ಸ್ಕ್ರೀನ್ ಮೇಲೆ ಬರೀ ‘ಬಸ್ ಎರರ್’. ಡಾಕರ್ ಕಂಟೇನರ್‌ನಲ್ಲಿ ಶೇರ್ಡ್ ಮೆಮೊರಿ (ಅದೂ ಒಂದು ಟಿಎಂಪಿಎಫ್‌ಎಸ್ಸೇ) ಡೀಫಾಲ್ಟ್ 64 ಎಂಬಿನೇ ಇರೋದ್ರಿಂದ ಅಲ್ಲಿ ಈ ಏಟು ಮಾಮೂಲಿ.

ಡಿಡಿ ಅನ್ನೋ ಕಾಪಿ ಕಮಾಂಡ್‌ನಿಂದ ಸೊನ್ನೆ ತುಂಬಿಸಿದ್ರೆ ‘ಜಾಗ ಇಲ್ಲ’ ಅಂತ ಎರರ್ ಸರಿಯಾಗೇ ಬರತ್ತೆ, ಆದ್ರೆ ಅಷ್ಟೊತ್ತಿಗೆ ಮೌಂಟ್ ಪೂರ್ತಿ ತುಂಬಿರತ್ತೆ, ಅರೆಬರೆ ಫೈಲ್ ಡಿಲೀಟ್ ಮಾಡೋವರೆಗೂ ಬೇರೆಯವರ ಪ್ರೋಗ್ರಾಂಗೂ ಜಾಗ ಇಲ್ಲ.

ಫಾಲೊಕೇಟ್ (ಫೈಲ್‌ಗೆ ಜಾಗ ಮುಂಚೆನೇ ಹಿಡಿದಿಡೋ ಕಾಲ್) ಟಿಎಂಪಿಎಫ್‌ಎಸ್‌ಗೆ ಬಂದಿದ್ದು 2012ರಲ್ಲಿ, ಕರ್ನಲ್ 3.5ರಲ್ಲಿ, ಕರ್ನಲ್ ಡೆವಲಪರ್ ಹ್ಯೂ ಡಿಕಿನ್ಸ್ ಪ್ಯಾಚ್. ಆ ಕೋಡ್ ಕೂತು ಓದಿದ್ರೆ ಮಜಾ ಇದೆ. ಕೇಳಿದ ಉದ್ದ ಮೌಂಟ್ ಲಿಮಿಟ್‌ಗಿಂತ ದೊಡ್ಡದಿದ್ರೆ ಒಂದು ಪೇಜೂ ಮುಟ್ಟದೆ ವಾಪಸ್ ಕಳಿಸತ್ತೆ, ನನ್ನ 1 ಜಿಬಿ ಅಲ್ಲೇ ಬಿತ್ತು. ಉದ್ದ ಲಿಮಿಟ್ ಒಳಗಿದ್ದು ನಡುವೆ ಜಾಗ ಮುಗಿದ್ರೆ, ಆ ಕಾಲ್‌ನಲ್ಲಿ ಹಿಡಿದ ಪೇಜ್‌ಗಳನ್ನ ತಾನೇ ಬಿಟ್ಟುಕೊಡತ್ತೆ, ಡಿಡಿ ಥರ ಕಸ ಉಳಿಯಲ್ಲ. ಇನ್ನೊಂದು, ಹಿಡಿದ ಪೇಜ್‌ಗಳನ್ನ ಆಗಲೇ ಸೊನ್ನೆ ಮಾಡ್ತಾ ಕೂರಲ್ಲ, ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡಿದಂಗೆ, ಯಾರಾದ್ರೂ ಮೊದಲ ಸಲ ಮುಟ್ಟಿದಾಗಲೇ ಕ್ಲೀನಿಂಗ್. ಅದಕ್ಕೇ ಡಿಡಿಗಿಂತ ಫಾಸ್ಟ್, ಆದ್ರೆ ಆ ಖರ್ಚು ಮೊದಲ ಪೇಜ್ ಫಾಲ್ಟ್ (ಪೇಜ್‌ನ ಮೊದಲ ಸಲ ಮುಟ್ಟಿದಾಗ ಕರ್ನಲ್ ಮಧ್ಯೆ ಬರೋದು) ಹೊತ್ತಿಗೆ ಕಟ್ಟಲೇಬೇಕು, ಬೆಂಚ್‌ಮಾರ್ಕ್ ಹಾಕೋರು ಇದನ್ನ ಮರೀಬೇಡಿ.

ಕಿರಿಕಿರಿ ಇಲ್ಲ ಅಂತಲ್ಲ. ಹಳೇ ಕರ್ನಲ್‌ಗಳಲ್ಲಿ ಮಧ್ಯೆ ಯಾವ ಸಿಗ್ನಲ್ ಬಂದ್ರೂ ‘ಇಂಟರಪ್ಟ್ ಆಯ್ತು’ ಅಂತ ಹೇಳಿ ಮಾಡಿದ್ದೆಲ್ಲ ಬಿಟ್ಟುಕೊಟ್ಟು ಬರತ್ತೆ. ಆಗಾಗ ಸಿಗ್ನಲ್ ಕಳಿಸೋ ಪ್ರೊಫೈಲರ್ ಟೈಮರ್ ಓಡ್ತಿದ್ದು ಫೈಲ್ ದೊಡ್ಡದಿದ್ರೆ ಮತ್ತೆ ಮತ್ತೆ ಮೊದಲಿಂದ, ಮುಗಿಯೋದೇ ಡೌಟು. ಪೋಸಿಕ್ಸ್ ಫಾಲೊಕೇಟ್ (ಇದೇ ಕೆಲಸದ ಸ್ಟ್ಯಾಂಡರ್ಡ್ ಲೈಬ್ರರಿ ಫಂಕ್ಷನ್) ಬಳಸೋರಿಗೆ ಬೇರೆ ತಲೆನೋವು, ಅದು ಎರರ್ ನಂಬರ್‌ನ ನೇರವಾಗಿ ರಿಟರ್ನ್ ಮಾಡತ್ತೆ, ಎರರ್ ನಂಬರ್ ಸಾಮಾನ್ಯವಾಗಿ ಸಿಗೋ ಎರ್‌ನೋ ನೋಡಿದ್ರೆ ಏನೂ ಸಿಗಲ್ಲ. ರ‍್ಯಾಮ್‌ಎಫ್‌ಎಸ್‌ನಲ್ಲಂತೂ (ಟಿಎಂಪಿಎಫ್‌ಎಸ್ ಥರದ್ದೇ ಇನ್ನೊಂದು ಮೆಮೊರಿ ಫೈಲ್‌ಸಿಸ್ಟಮ್) ಫಾಲೊಕೇಟೇ ಇಲ್ಲ, ಅಲ್ಲಿ ಪೋಸಿಕ್ಸ್ ಫಾಲೊಕೇಟ್ ಕರೆದ್ರೆ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಬ್ಲಾಕ್ ಬ್ಲಾಕ್‌ಗೂ ಒಂದೊಂದು ಬೈಟ್ ಬರೆದು ಕೆಲಸ ಮುಗಿಸತ್ತೆ, ಲಿಮಿಟ್ ಅನ್ನೋದೂ ಅಲ್ಲಿಲ್ಲ.

ನನ್ನ ವೋಟು ಫಾಲೊಕೇಟ್‌ಗೇ, ಆದ್ರೆ ಚಿಕ್ಕ ಚಿಕ್ಕ ತುಂಡಾಗಿ ಕರೀತೀನಿ, ಸಿಗ್ನಲ್ ಬಂದ್ರೆ ಆ ಒಂದು ತುಂಡು ಮಾತ್ರ ಮತ್ತೆ. ಹಾಗೆ ಮಾಡಿದಾಗ ಕೊನೇ ತುಂಡಿಗೆ ಜಾಗ ಸಿಗದಿದ್ರೆ ಹಿಂದಿನ ತುಂಡುಗಳನ್ನ ಕರ್ನಲ್ ವಾಪಸ್ ತಗೊಳ್ಳಲ್ಲ, ಫೈಲ್ ಟ್ರಂಕೇಟ್ ಮಾಡಿ (ಸೈಜ್ ಇಳಿಸಿ) ನಾವೇ ಬಿಡಿಸ್ಬೇಕು.